ಕಣ್ಣಾರೆ ಕಂಡ ವಾಕ್ಯ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಚಿದಂಬರಯ್ಯ ಮೇಷ್ಟ್ರು ಶಿಷ್ಯರಿಗೆ ಹೇಳಿಕೊಡುತ್ತಿದ್ದದ್ದು ಮಂತ್ರವಲ್ಲ, ಇಂಗ್ಲಿಷ್ ಪದ. ನಗಬೇಡಿ, ಪೂರ್ತಿ ಕೇಳಿ.

ಒಂದು ಸಲಕ್ಕೆ ಒಂದೇ ಪದ. ಅದೂ ಎಂಥ ಪದ ಅಂತೀರಿ! ಬಿ.ಎ. ಮಾಡಿದವರೂ ಡಿಕ್ಷನರಿ ತೆಗೆಯಬೇಕು, ಅಂಥವು. ಬಾಯಿಗೆ ಹಾಕಿಕೊಂಡರೆ ಕಲ್ಲುಸಕ್ಕರೆಯ ಹಾಗೆ, ಬೇಗ ಕರಗುವುದಿಲ್ಲ.

ಪದವನ್ನೂ ಅದರ ಅರ್ಥವನ್ನೂ ಮೇಷ್ಟ್ರು ಕೊಡುವರು. ಉದಾಹರಣೆ ವಾಕ್ಯವನ್ನು ಶಿಷ್ಯರೇ ತರಬೇಕು. ಅದಕ್ಕೊಂದು ಕಟ್ಟಳೆ: ವಾಕ್ಯದಲ್ಲಿರುವುದನ್ನು ಶಿಷ್ಯ ಕಣ್ಣಾರೆ ಕಂಡಿರಬೇಕು, ಮೇಷ್ಟ್ರಿಗೂ ತೋರಿಸಬೇಕು. ಕೂತಲ್ಲೇ ಹೊಸೆದ ವಾಕ್ಯ ನಡೆಯುವುದಿಲ್ಲ.

ನಿಂಗರಾಜು ಎಂಬ ಶಿಷ್ಯ ಹೊಸದಾಗಿ ಬಂದವನು. ಅವನಿಗೆ ಸಿಕ್ಕ ಮೊದಲ ಪದ ಬೆನೆವೊಲೆಂಟ್. ಅಂದರೆ ಎಲ್ಲರಿಗೂ ಒಳ್ಳೆಯದನ್ನೇ ಬಯಸುವ.

"ದ ಕಿಂಗ್ ವಾಸ್ ಬೆನೆವೊಲೆಂಟ್, ಮೇಷ್ಟ್ರೇ."

"ಯಾವ ರಾಜನಪ್ಪಾ?"

"ಹೀಗೇ... ಒಬ್ಬ ರಾಜ."

"ಬೆಳಿಗ್ಗೆ ಬಂದಿದ್ನಾ? ಉಪ್ಪಿಟ್ಟಿಗೆ ನಿಲ್ಲಿಸಿಕೊಳ್ಳೋದಲ್ವೇನೋ!"

ಇನ್ನೊಂದು ದಿನ ಆಶ್ರಮದ ಕರು ಮೇಷ್ಟ್ರ ಹೆಗಲಿನ ಟವೆಲನ್ನೇ ಮೇಯತೊಡಗಿತು. ಬೇರೆಯವರಾಗಿದ್ದರೆ ಕಿತ್ತುಕೊಂಡು ಒಂದು ಬಿಗಿಯುತ್ತಿದ್ದರು. ಇವರು ಅಲುಗದೆ ನಿಂತು ಕೂಗಿದರು:

"ಬನ್ರೋ, ಬೇಗ ಬನ್ರೋ! ದ ಕಾಫ್ ಈಸ್ ವೊರೇಷಿಯಸ್! ತಿಂದಷ್ಟೂ ಸಾಲದು ಅನ್ನುವಂಥದ್ದು! ನೋಡ್ಕೊಳ್ಳಿ!"

ಶಿಷ್ಯರೆಲ್ಲ ಓಡಿ ಬರುವಷ್ಟರಲ್ಲಿ ಅರ್ಧ ಟವೆಲು ಹೋಗಿತ್ತು. ಪದ ಉಳಿಯಿತು. ಅಂಥ ಮೇಷ್ಟ್ರು ಯಾರಿಗುಂಟು ಯಾರಿಗಿಲ್ಲ!

ಹೀಗೇ ಕೆಲವು ವರ್ಷ ಕಳೆದ ಮೇಲೆ ಆಚೆ ದಡದ ಊರಿನಿಂದ ಹೇಳಿಕಳಿಸಿದರು. ಅಲ್ಲಿನ ಶಾಲೆಗೆ ಇಂಗ್ಲಿಷ್ ಕಲಿಸುವವರು ಒಬ್ಬರು ಬೇಕು, ಸೋಮವಾರ ದೋಣಿ ಬರುತ್ತದೆ, ಕಳಿಸಿಕೊಡಿ ಅಂತ.

ಹೋಗುವಷ್ಟು ಕಲಿತವರು ಇಬ್ಬರೇ. ನಿಂಗರಾಜು ಒಬ್ಬ. ಇನ್ನೊಬ್ಬಳು ವನಮಾಲ, ಅವನಿಗಿಂತ ಸ್ವಲ್ಪ ದೊಡ್ಡವಳು. ಅವನು ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದ.

ಮೇಷ್ಟ್ರು ಇಬ್ಬರಿಗೂ ಒಂದೊಂದು ಪದ ಕೊಟ್ಟರು.

"ವನಮಾಲ, ನಿನಗೆ ಗಾಸಮರ್. ಉಸಿರು ತಾಗಿದರೂ ನಡುಗುವಷ್ಟು ನವಿರಾದ ಜೇಡರ ಎಳೆ. ನಿಂಗರಾಜು, ನಿನಗೆ ಮ್ಯಾಗ್ನಾನಿಮಸ್. ನೋಯಿಸಿದವರನ್ನೂ ದೊಡ್ಡ ಮನಸ್ಸಿನಿಂದ ಮನ್ನಿಸುವ. ದೋಣಿ ಬರುವುದರೊಳಗೆ ಯಾರು ಮೊದಲು ವಾಕ್ಯ ತೋರಿಸುತ್ತೀರೋ ಅವರು ಹೋಗಿ."

ನಿಂಗರಾಜುಗೆ ಆ ಕೆಲಸ ಬೇಕೇ ಬೇಕಿತ್ತು. ಡಿಗ್ರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವನನ್ನು ಇನ್ನಾರು ಕರೆದು ಕೆಲಸ ಕೊಡುತ್ತಾರೆ?

ಅವನು ದೊಡ್ಡ ಮನಸ್ಸನ್ನು ಹುಡುಕಿಕೊಂಡು ಹೊರಟ. ಸಂತೆಗೆ ಹೋದ, ಬರೀ ಜಗಳ. ಪಂಚಾಯಿತಿ ಕಟ್ಟೆಗೆ ಹೋದ, ಅಲ್ಲಿ ಇನ್ನೂ ಜೋರು ಜಗಳ.

ಭಾನುವಾರ ಸಂಜೆ ಸೋತು ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತ. ವನಮಾಲ ಬಟ್ಟೆ ಹಿಂಡುತ್ತಿದ್ದಳು.

"ಏನೋ ನಿಂಗ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಸಿಗಲಿಲ್ಲ ಕಣಕ್ಕ. ನಿನ್ನದು?"

"ಸಿಕ್ತು! ಜೊಂಡಿನ ನಡುವೆ ಜೇಡ ಒಂದು ಬಲೆ ಕಟ್ಟಿದೆ. ಬೆಳಿಗ್ಗೆ ಇಬ್ಬನಿ ಬಿದ್ದು ಬಿಸಿಲು ತಾಗಬೇಕು, ಆಗ ನೋಡಬೇಕು ಅದರ ಚೆಂದ. ನಾಳೆ ಮೇಷ್ಟ್ರನ್ನ ಕರಕೊಂಡು ಬರ್ತೀನಿ. ನೀನೂ ಬಾರೋ."

ಪೈಪೋಟಿಯ ನಡುವೆಯೂ ಹೀಗೆ ಬಾಯಿಬಿಟ್ಟು ಹೇಳುವ ಮನಸ್ಸು ಬಂತಲ್ಲ, ಅದನ್ನು ನೋಡಿ ನೀವು! ತಾನು ಸೋಲಿಸಬೇಕಾದವನನ್ನೇ ಕರೆಯುತ್ತಾಳೆ.

ಬೆಳಿಗ್ಗೆ ಮೇಷ್ಟ್ರು, ವನಮಾಲ ಹೊಳೆಗೆ ಇಳಿದು ಬಂದರು. ಜೊಂಡಿನ ಪಕ್ಕ ನೀರಿನಲ್ಲಿ ನಿಂಗರಾಜು ನಿಂತಿದ್ದ. ಕೈಯಲ್ಲಿ ಒಂದು ಕೋಲು. ಕೋಲಿನ ತುದಿಗೆ ಬಲೆಯ ಎಳೆ ಮುದುಡಿ ಅಂಟಿಕೊಂಡಿತ್ತು.

"ನಾನೇ ಹರಿದೆ ಅಕ್ಕ," ಅಂದ. "ಬೇಕು ಅಂತಲೇ ಹರಿದೆ."

ವನಮಾಲ ಕೋಲನ್ನು ನೋಡಿದಳು. ಅವನನ್ನು ನೋಡಿದಳು. ಅವಳ ತುಟಿ ಅದುರಿತು. ಆಮೇಲೆ ಬಗ್ಗಿ ಜೊಂಡಿನೊಳಗೆ ಇಣುಕಿದಳು.

"ಜೇಡಕ್ಕೆ ಏಟು ಬಿತ್ತಾ?"

"ಇಲ್ಲ. ಅದು ಆ ಕಡೆ ಓಡಿತು."

"ಸದ್ಯ. ಹೋಗಲಿ ಬಿಡು ನಿಂಗ. ಅದು ಮತ್ತೆ ನೇಯುತ್ತೆ. ನೀನು ನೀರಲ್ಲಿ ನಿಂತು ನಡುಗ್ತಾ ಇದೀಯ, ಮೇಲೆ ಬಾ, ಕಾಫಿ ಕೊಡ್ತೀನಿ."

ನಿಂಗರಾಜು ಕೋಲು ಎಸೆದು ಎಗರಿದ.

"ಮೇಷ್ಟ್ರೇ! ವನಮಾಲ ಈಸ್ ಮ್ಯಾಗ್ನಾನಿಮಸ್! ಕಣ್ಣಾರೆ ಕಂಡೆ! ನೀವೂ ಕಂಡಿರಿ!"

ವನಮಾಲ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ಪಾಪಿ, ಇದಕ್ಕಾ? ಒಂದು ಮಾತು ಕೇಳಿದ್ರೆ ಬೇರೆ ಏನಾದರೂ ಕೆಡಿಸೋಕೆ ಕೊಡ್ತಿದ್ನಲ್ಲೋ! ಹಳೇ ಕೊಡ ಒಂದಿತ್ತು."

ಮೇಷ್ಟ್ರು ತಲೆದೂಗಿದರು.

"ವಾಕ್ಯ ಸರಿಯಾಗಿದೆ. ಎಲ್ಲೂ ಲೋಪವಿಲ್ಲ."

"ಹಾಗಾದ್ರೆ ದೋಣಿಗೆ ನಾನೇ, ಅಲ್ವಾ ಮೇಷ್ಟ್ರೇ?"

"ಒಂದು ಹೇಳು. ಮ್ಯಾಗ್ನಾನಿಮಸ್ ಅನ್ನೋದು ಈಗ ಯಾರ ಹತ್ತಿರ ಇದೆ?"

"ಅಕ್ಕನ ಹತ್ತಿರ."

"ಮಕ್ಕಳಿಗೆ ಅದನ್ನು ಯಾರು ಕೊಡಬಲ್ಲರು?"

ನಿಂಗರಾಜು ವನಮಾಲಳ ಕಡೆ ನೋಡಿದ.

"ಇನ್ನೊಂದು ಹೇಳು. ಬಲೆ ಹರಿದದ್ದು ನಿನ್ನ ವಾಕ್ಯ ಸಿಗಲಿ ಅಂತಲೋ, ಅವಳ ವಾಕ್ಯ ತಪ್ಪಲಿ ಅಂತಲೋ?"

ಆ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ ಅಂತ ಕಾಣುತ್ತದೆ.

ಆಚೆಯಿಂದ ಅಂಬಿಗ ಕೂಗಿದ. ದೋಣಿ ಬಂತು.

"ಹತ್ತಮ್ಮ ವನಮಾಲ," ಅಂದರು ಮೇಷ್ಟ್ರು.

"ನನ್ನ ವಾಕ್ಯ ಆಗಲಿಲ್ಲವಲ್ಲ ಮೇಷ್ಟ್ರೇ?"

"ಆಚೆ ದಡದಲ್ಲೂ ಜೇಡ ಇವೆ ಕಣಮ್ಮ. ಹೋಗು, ಮಕ್ಕಳಿಗೆ ತೋರಿಸು."

ಅವಳ ಟ್ರಂಕನ್ನು ನಿಂಗರಾಜುವೇ ಹೊತ್ತು ತಂದಿಟ್ಟ. ಎದೆಮಟ್ಟದ ನೀರಿನವರೆಗೆ ದೋಣಿಯನ್ನು ತಳ್ಳಿಕೊಂಡು ಹೋದ. ಏನೋ ಹೇಳಲು ಬಾಯಿ ತೆರೆದ. ಎಷ್ಟೊಂದು ಪದ ಕಲಿತವನು ನೋಡಿ, ಒಂದೂ ಬಾಯಿಗೆ ಬರಲಿಲ್ಲ.

"ಅಳಬೇಡ ಕಣೋ, ಹೊಳೆ ಉಕ್ಕೀತು!" ಎಂದು ವನಮಾಲ ದೋಣಿಯಿಂದ ನಕ್ಕಳು. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ದೋಣಿ ದೂರವಾಯಿತು. ನಿಂಗರಾಜು ತೊಯ್ದ ಬಟ್ಟೆಯಲ್ಲೇ ಬಂದು, ದಡದ ಮರಳಿನಲ್ಲಿ ಪಾಠದ ಮಣೆಯ ಮೇಲೆ ಕೂತಿದ್ದ ಮೇಷ್ಟ್ರ ಮುಂದೆ ನಿಂತ.

"ಮೇಷ್ಟ್ರೇ, ಎದೆಯೊಳಗೆ ಏನೋ ಆಗ್ತಿದೆ. ಕೆಲಸ ಹೋಯ್ತು ಅಂತಲ್ಲ. ಹೋಗಿದ್ದಕ್ಕೆ ದುಃಖವೇ ಇಲ್ಲ. ಆ ಕೋಲು ಹಿಡಿದ ಕೈಯನ್ನ ನೋಡೋಕೆ ಆಗ್ತಿಲ್ಲ. ಇದಕ್ಕೊಂದು ಪದ ಇದೆಯಾ?"

ಮೇಷ್ಟ್ರ ಮುಖ ಅರಳಿತು. ಅಷ್ಟು ವರ್ಷದ ಪಾಠದಲ್ಲಿ ಎಲ್ಲರೂ ಪದ ಹಿಡಿದುಕೊಂಡು ಅನುಭವ ಹುಡುಕಿದವರೇ. ಅನುಭವ ಹಿಡಿದುಕೊಂಡು ಪದ ಕೇಳಿದವನು ಇವನೇ ಮೊದಲು.

"ಇದೆ. ಕಂಟ್ರೈಟ್."

"ಕಂಟ್ರೈಟ್," ಎಂದ ನಿಂಗರಾಜು. "ಅದರ ಅರ್ಥ, ಮೇಷ್ಟ್ರೇ?"

ಮೇಷ್ಟ್ರು ತಮ್ಮ ಮಣೆಯಿಂದ ಎದ್ದರು. ಅವನ ಭುಜ ಹಿಡಿದು ಅದರ ಮೇಲೆ ಕೂರಿಸಿದರು. ತಾವು ಎದುರಿಗೆ, ಮರಳ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತರು.

"ಅರ್ಥ ನೀನು ಹೇಳಪ್ಪ. ನಾನು ಕಲಿಯುತ್ತೇನೆ."