ಬಾಗಿಲ ಪಕ್ಕದ ಎಲೆ

ಹೊಳೆದಂಡೆಯ ಮಠದಲ್ಲಿ ದಿನಾ ಮಧ್ಯಾಹ್ನ ಬಂದವರಿಗೆಲ್ಲ ಊಟ. ಬಡಿಸುವ ಕೆಲಸ ಶಿಷ್ಯ ಗುರುಪಾದನದು. ಬಂದವರಲ್ಲಿ ಒಬ್ಬನನ್ನು ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ.

ಆ ಒಬ್ಬ ಶಿವನಗೌಡ. ಬಾಗಿಲ ಪಕ್ಕದ, ಬೆಳಕು ಬೀಳುವ ಮೊದಲ ಎಲೆಯೇ ಆಗಬೇಕು ಅವನಿಗೆ. ಬೇರೆ ಯಾರಾದರೂ ಕೂತಿದ್ದರೆ ಕೋಲು ಕುಟ್ಟಿ ಎಬ್ಬಿಸುತ್ತಿದ್ದ. ಈ ಮಠದ ಜಾಗ ನಮ್ಮಜ್ಜ ಬಿಟ್ಟುಕೊಟ್ಟದ್ದು ಅಂತ ದಿನಕ್ಕೊಂದು ಸಲ ಅನ್ನಲೇಬೇಕು. ಪಲ್ಯ ಬಡಿಸಿಯಾದ ಮೇಲೂ ಪಲ್ಯ ಎಲ್ಲಿ ಅಂತ ಗದರುವುದು ಬೇರೆ. ಎಂಥಾ ಮನುಷ್ಯನಪ್ಪಾ!

ಗುರು ಮುಪ್ಪಯ್ಯನವರು ಬಡಿಸಿದ ದಿನ ಮಾತ್ರ ಗೌಡ ತೆಪ್ಪಗೆ ಉಣ್ಣುತ್ತಿದ್ದ. ಅವರೋ ಅವನ ಮುಂದೆ ಬಗ್ಗಿ, ಗೌಡರೇ ಬಲಕ್ಕೆ ಪಲ್ಯ, ಎಡಕ್ಕೆ ಉಪ್ಪಿನಕಾಯಿ ಅಂತ ಒಂದೊಂದನ್ನೂ ಹೇಳಿ ಬಡಿಸುತ್ತಿದ್ದರು. ದೊಡ್ಡ ಮನೆತನ ಅಂದರೆ ಗುರುಗಳೂ ಬಾಗುತ್ತಾರಲ್ಲ ಅಂತ ಗುರುಪಾದ ಗೊಣಗಿಕೊಳ್ಳುತ್ತಿದ್ದ.

ಗುರುಗಳು ಪಕ್ಕದೂರಿಗೆ ಹೋಗಿದ್ದ ದಿನ ಅವನ ತಾಳ್ಮೆ ಮುಗಿಯಿತು. ಮೊದಲ ಎಲೆಗೆ ಒಬ್ಬ ದಾರಿಹೋಕನನ್ನು ಕೂರಿಸಿದ. ಗೌಡ ಕೋಲು ಕುಟ್ಟಿದಾಗ ಒಳಮೂಲೆ ತೋರಿಸಿದ.

"ಇಲ್ಲಿ ಎಲ್ಲರೂ ಒಂದೇ, ಗೌಡರೇ. ಕೂರುವುದಾದರೆ ಅಲ್ಲಿ ಕೂರಿ."

ಪಂಕ್ತಿಯೆಲ್ಲ ಕೇಳುವ ಹಾಗೆ ಅಂದಿದ್ದ. ಗೌಡ ಗೋಡೆ ಸವರುತ್ತ ಹೋಗಿ ಕತ್ತಲಲ್ಲಿ ಕೂತ. ಅನ್ನ ಬಿತ್ತು. ಅವನು ಕೈ ಹಾಕಿದ್ದು ಪಕ್ಕದವನ ಎಲೆಗೆ.

ಪಕ್ಕದವನು ಥೂ, ಎಂಜಲು ಅಂತ ಎದ್ದುಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ಗೌಡ ಕೈಯನ್ನೂ ತೊಳೆಯದೆ ಎದ್ದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಹೊರಟುಹೋದ.

ಬಡಿಸುವ ಸೌಟು ಹಿಡಿದು ನಿಂತಿದ್ದ ಗುರುಪಾದನಿಗೆ ಆಗ ತಿಳಿಯಿತು. ಕೋಲು, ಬೆಳಕು, ಬಲಕ್ಕೆ ಪಲ್ಯ, ಎಲ್ಲವೂ. ಅಯ್ಯೋ, ಎಂಥ ಕೆಲಸ ಮಾಡಿದೆ ಅಂದುಕೊಂಡ.

ಸಂಜೆಯೇ ಗೌಡ ಒಬ್ಬನೇ ಇದ್ದ ಮನೆಗೆ ಓಡಿದ. ಹೊಸ್ತಿಲಲ್ಲಿ ಬಿದ್ದು, ಕಣ್ಣು ಕಾಣುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ ಅಂತ ಅತ್ತ.

"ಕಣ್ಣು ಕಾಣದ್ದು ಯಾರಿಗೋ?" ಅಂದ ಗೌಡ. ಬಾಗಿಲು ಹಾಕಿಕೊಂಡ.

ಗುರುಪಾದ ದಿನಾ ಬುತ್ತಿ ಒಯ್ದು ಹೊಸ್ತಿಲಲ್ಲಿಟ್ಟು ಬಂದ. ಮಾರನೆಯ ದಿನ ಅದು ಇಟ್ಟ ಹಾಗೇ ಇರುತ್ತಿತ್ತು, ಇಲ್ಲವೇ ನಾಯಿ ತಿಂದಿರುತ್ತಿತ್ತು. ಗುರುಗಳೇ ಬಂದು ಕರೆದರೂ ಬಾಗಿಲು ತೆರೆಯಲಿಲ್ಲ. ಹನ್ನೆರಡನೆಯ ದಿನ ಊರವರೇ ಮುರಿದು ತೆರೆದರು. ಮಣ್ಣು ಮಾಡಿ ಬರುವಾಗ, ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ ಅಂತ ಹೆಂಗಸರು ಮಾತಾಡಿಕೊಂಡರು. ಮಠದ ಊಟವೊಂದೇ ಅವನ ಊಟವಾಗಿತ್ತು.

ಮರುದಿನ ಮಧ್ಯಾಹ್ನ ಮುಪ್ಪಯ್ಯನವರು ಬಾಗಿಲ ಪಕ್ಕ ಎಲೆ ಹಾಕಿ, ಬಲಕ್ಕೆ ಪಲ್ಯ ಬಡಿಸಿದರು. ಯಾರೂ ಅಲ್ಲಿ ಕೂರಲಿಲ್ಲ. ಗುರುಪಾದನಿಗೆ ತಡೆದುಕೊಳ್ಳಲಾಗಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತು. ನನಗೊಂದು ಮಾತು ಯಾಕೆ ಹೇಳಲಿಲ್ಲ?"

ಮುಪ್ಪಯ್ಯನವರು ಆ ಎಲೆಯ ಎಡಕ್ಕೆ ಉಪ್ಪಿನಕಾಯಿಯನ್ನೂ ಬಡಿಸಿದರು.

"ಅದೊಂದನ್ನು ಮುಚ್ಚಿಡುವುದಕ್ಕೇ ಅವನು ದಿನಾ ಅಷ್ಟು ಕೂಗಾಡುತ್ತಿದ್ದನಲ್ಲೋ, ನಾನು ಹೇಗೆ ಹೇಳಲಿ?"