ಮೇ ತಿಂಗಳಲ್ಲಿ ಹೊರಡುವ ಆಟಗಾರ

ಶಿಷ್ಯ ಅಡವೀಶ ಗುರುಗಳನ್ನು ಕೇಳಿದ: "ಮೂರು ವರ್ಷಗಳಲ್ಲಿ ಮಠದ ಮೂರು ಶಾಲೆಗಳಿಗೆ ನನ್ನನ್ನು ಪಾಠ ಮಾಡಲು ಕಳಿಸಿದಿರಿ. ಮೊದಲ ಊರು ಬಿಟ್ಟು ಬರುವಾಗ ಕರುಳು ಕಿತ್ತು ಬಂದ ಹಾಗಾಯಿತು. ಆಮೇಲಿನ ಎರಡು ಊರುಗಳಲ್ಲಿ ನಾನು ಯಾರನ್ನೂ ಹಚ್ಚಿಕೊಳ್ಳಲಿಲ್ಲ. ಬರುವಾಗ ಏನೂ ಅನ್ನಿಸಲಿಲ್ಲ. ವೈರಾಗ್ಯವೆಂದರೆ ಇದೇ ಅಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಅಮೆರಿಕದಲ್ಲಿ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನಿದ್ದ. ಹೆಸರು ಟೆರೆನ್ಸ್. ಆರೂವರೆ ಅಡಿ ಎತ್ತರದ ಆಳು. ತಾಯಿ ಒಡೆಸ್ಸಾ ಶಾಲೆಯ ಬಸ್ಸು ಓಡಿಸಿ ಅವನನ್ನು ಸಾಕಿದ್ದಳು. ಅವನು ಚೆನ್ನಾಗಿಯೇ ಆಡುತ್ತಿದ್ದ. ಆದರೆ ಅವನಿಗಿಂತ ಚೆನ್ನಾಗಿ ಆಡುವವರು ಆ ದೇಶದಲ್ಲಿ ಬಹಳ ಜನ. ಅಲ್ಲಿನ ದೊಡ್ಡ ತಂಡಗಳು ಅವನನ್ನು ತೆಗೆದುಕೊಳ್ಳಲಿಲ್ಲ. ಅಂಥವರಿಗೆ ಹೊರದೇಶದ ಸಣ್ಣ ತಂಡಗಳಲ್ಲಿ ಜಾಗ ಸಿಗುತ್ತದೆ. ಕರಾರು ಒಂದು ವರ್ಷದ್ದು. ಸೆಪ್ಟೆಂಬರಿನಲ್ಲಿ ಹೋಗಬೇಕು, ಮೇ ತಿಂಗಳಲ್ಲಿ ಹೊರಡಬೇಕು. ಮುಂದಿನ ವರ್ಷ ಬೇರೆ ದೇಶ, ಬೇರೆ ಭಾಷೆ.

ಮೊದಲ ವರ್ಷ ಅವನು ಸೈಪ್ರಸ್ಸಿಗೆ ಹೋದ. ಅವನ ಕೋಣೆಯ ಕೆಳಗೆ ಒಂದು ಬೇಕರಿ ಇತ್ತು. ಬೇಕರಿಯವನೂ ಅವನ ಹೆಂಡತಿಯೂ ಇವನನ್ನು ಮನೆಯವನ ಹಾಗೆ ನೋಡಿಕೊಂಡರು. ಭಾನುವಾರ ಅವರ ಮನೆಯಲ್ಲೇ ಊಟ. ಅವರ ಮಗಳ ನಾಮಕರಣದಲ್ಲಿ ಕೂಸನ್ನು ಇವನ ಕೈಗೆ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ತಂಡದವರು ಬಂದು, ನಿನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ, ಮಧ್ಯಾಹ್ನ ವಿಮಾನ ಇದೆ ಎಂದರು. ಅವನು ಓಡಿ ಕೆಳಗಿಳಿದ. ಅಂದು ಬೇಕರಿಗೆ ರಜೆ. ಹೇಳದೆಯೇ ಹೊರಡಬೇಕಾಯಿತು. ವಿಮಾನದಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಅತ್ತ. ಇನ್ನು ಯಾವ ಊರಿನಲ್ಲೂ ಹೀಗೆ ಆಗಬಾರದು ಎಂದುಕೊಂಡ.

ಹಾಗೇ ನಡೆದುಕೊಂಡ. ಟರ್ಕಿ, ಫಿನ್‌ಲೆಂಡ್, ಉರುಗ್ವೆ, ಜಪಾನ್. ಪ್ರತಿ ಭಾಷೆಯಲ್ಲೂ ಎಡ, ಬಲ, ಹಿಂದೆ, ಕೊಡು, ನೀರು, ಇಷ್ಟು ಕಲಿಯುತ್ತಿದ್ದ. ಆಟ ಮುಗಿದರೆ ಕೋಣೆ. ಹೆಸರುಗಳನ್ನು ಕಲಿಯುವ ಗೋಜಿಗೇ ಹೋಗಲಿಲ್ಲ. ತರಬೇತುದಾರನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರನ್ನೂ 'ಚೀಫ್' ಎಂದು ಕರೆಯುತ್ತಿದ್ದ. ಜನಕ್ಕೆ ಅದು ಸ್ನೇಹದ ಮಾತಿನ ಹಾಗೆ ಕೇಳುತ್ತಿತ್ತು. ಹೀಗೆ ಏಳು ವರ್ಷ ಕಳೆಯಿತು. ಯಾವ ಊರು ಬಿಡುವಾಗಲೂ ಅವನಿಗೆ ನೋವಾಗಲಿಲ್ಲ.

ಒಂಬತ್ತನೆಯ ವರ್ಷ ಲಿಥುವೇನಿಯಾದ ಒಂದು ಸಣ್ಣ ಊರಿಗೆ ಬಂದ. ಸಕ್ಕರೆ ಕಾರ್ಖಾನೆಯ ಊರು. ಅಲ್ಲಿ ತಂಡದವರ ಬಟ್ಟೆ ಒಗೆಯಲು ದಾನುಟೆ ಎಂಬ ಮುದುಕಿ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಆಟಗಾರರ ಜೊತೆ ಮಾತಾಡಿಯೇ ಹರಕು ಮುರುಕು ಇಂಗ್ಲಿಷ್ ಕಲಿತಿದ್ದಳು. ಹೊಸಬ ಬಂದ ದಿನವೇ ಅವನ ಅಂಗಿಯ ಕಾಲರಿನ ಒಳಗೆ ಕೆಂಪು ದಾರದಲ್ಲಿ ಅವನ ಹೆಸರು ಹೊಲಿಯುತ್ತಿದ್ದಳು.

ಟೆರೆನ್ಸನ ಅಂಗಿ ಹೊಲಿಯುತ್ತ ಅವಳು ಕೇಳಿದಳು, "ನಿನ್ನ ಅಮ್ಮನ ಹೆಸರೇನು?"

"ಅದೆಲ್ಲ ಯಾಕೆ, ಚೀಫ್? ಮೇ ತಿಂಗಳಲ್ಲಿ ನಾನು ಹೊರಟುಹೋಗುತ್ತೇನೆ."

"ಈಗಿನ್ನೂ ಸೆಪ್ಟೆಂಬರ್ ಅಲ್ಲವೇನಪ್ಪ?" ಎಂದಳು ದಾನುಟೆ. "ಹೇಳು, ಏನು ಹೆಸರು?"

ಬೇರೆ ದಾರಿ ಕಾಣದೆ ಅವನು ಹೇಳಿದ. ಅವಳು ಎರಡು ಸಲ ಬಾಯಲ್ಲಿ ಹೇಳಿಕೊಂಡು ದಾರ ಕಡಿದಳು.

ಜನವರಿಯ ಒಂದು ಪಂದ್ಯದಲ್ಲಿ ಚೆಂಡಿಗೆಂದು ನೆಗೆದವನು ಕೆಳಗೆ ಬಿದ್ದ. ಹಿಮ್ಮಡಿಯ ಮೇಲಿನ ಸ್ನಾಯು ಕಿತ್ತುಹೋಗಿತ್ತು. ಶಸ್ತ್ರಚಿಕಿತ್ಸೆಯಾಯಿತು. ಆರು ವಾರ ವಿಮಾನ ಹತ್ತಕೂಡದು ಎಂದರು ವೈದ್ಯರು. ತಂಡದವರು ಕರಾರು ಮುರಿದರು. ಕೋಣೆಯನ್ನು ಹೊಸ ಆಟಗಾರನಿಗೆ ಬಿಟ್ಟುಕೊಡಬೇಕಾಯಿತು. ಊರುಗೋಲು ಹಿಡಿದು ಆಸ್ಪತ್ರೆಯ ಬಾಗಿಲಿನಲ್ಲಿ ನಿಂತಾಗ ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ. ಆ ಊರಿನಲ್ಲಿ ಅವನಿಗೆ ಒಂದು ಮನೆಯ ವಿಳಾಸವೂ ಗೊತ್ತಿರಲಿಲ್ಲ. ದಾನುಟೆ ನೆರೆಯವನ ಕಾರು ಮಾಡಿಕೊಂಡು ಬಂದಿದ್ದಳು. ಅವನ ಚೀಲ ಆಗಲೇ ಕಾರಿನಲ್ಲಿತ್ತು.

ಅವಳ ಮನೆ ಎರಡು ಕೋಣೆಯದು. ಮಂಚ ಅವನಿಗೆ ಸಾಲಲಿಲ್ಲ. ತುದಿಗೆ ಒಂದು ಸ್ಟೂಲು ಇಟ್ಟು ದಿಂಬು ಹಾಕಿದಳು. ಮೊದಲ ವಾರ ಅವನು ಕಾಲನ್ನೇ ನೋಡುತ್ತ ಮಲಗಿರುತ್ತಿದ್ದ. ಇನ್ನು ಆಡಲಾಗದೆ ಹೋದರೆ ನಾನು ಯಾರು ಎಂಬ ಭಯ ಅವನಿಗೆ. ಅವಳು ಏನೂ ಕೇಳದೆ ಬೀಟ್‌ರೂಟ್ ಸಾರು ಮಾಡಿ ಮುಂದಿಡುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅವಳು ಆಲೂಗಡ್ಡೆ ತುರಿಯುತ್ತಿದ್ದಾಗ ಫೋನು ಬಂತು. ಕೈ ಒದ್ದೆ, ನೀನೇ ತೆಗೆದುಕೋ ಎಂದಳು. ಆ ಕಡೆ ಒಬ್ಬ ಗಂಡಸಿನ ದನಿ.

"ದಾನುಟೆ ಇಲ್ಲವೇ? ನೀನು ಯಾವ ವರ್ಷದವನು?"

ಟೆರೆನ್ಸನಿಗೆ ಅರ್ಥವಾಗಲಿಲ್ಲ. "ಈ ವರ್ಷದವನು" ಎಂದ.

"ಓಹೋ, ಹಿಮ್ಮಡಿಯವನು! ಒಡೆಸ್ಸಾಳ ಮಗ! ನಾನು ಹದಿನಾಲ್ಕು ವರ್ಷದ ಹಿಂದಿನವನು. ಸೆನೆಗಲ್‌ನಿಂದ ಮಾತಾಡುತ್ತಿದ್ದೇನೆ. ನನ್ನದು ಮೊಣಕಾಲು. ನೋಡು, ಎಲೆಕೋಸಿನ ಎಲೆ ಜಜ್ಜಿ ಕಟ್ಟುತ್ತೇನೆ ಅನ್ನುತ್ತಾಳೆ. ಕೆಟ್ಟ ನಾತ ಬರುತ್ತದೆ. ಬೇಡ ಅನ್ನಬೇಡ, ಕಟ್ಟಿಸಿಕೋ."

ಅಂದು ಹಿಂದಿನ ವರ್ಷಗಳ ಇನ್ನೂ ಮೂವರು ಆಟಗಾರರು ಫೋನು ಮಾಡಿದರು. ಒಬ್ಬ ಸರ್ಬಿಯಾದವನು, ಇಬ್ಬರು ಅಮೆರಿಕದವರು. ಯಾರನ್ನೂ ಟೆರೆನ್ಸ್ ನೋಡಿರಲಿಲ್ಲ. ಎಲ್ಲರೂ ಅವನ ಕಾಲು ಹೇಗಿದೆ ಎಂದು ಕೇಳಿದರು. ನಾಲ್ಕನೆಯವನು ಫೋನು ಇಟ್ಟ ಮೇಲೆ ಅವನು ಗೋಡೆಯ ಕಡೆ ತಿರುಗಿ ಕೂತ. ದಾನುಟೆ ಕೈ ಒರೆಸಿಕೊಂಡು ಬಂದು ಅವನ ಬೆನ್ನು ಸವರಿದಳು. ಅವನು ಆಗ ಬೇಕರಿಯ ಕತೆಯನ್ನು ಅವಳಿಗೆ ಹೇಳಿದ. ಬೇರೆ ಯಾರಿಗೂ ಅವನು ಅದನ್ನು ಹೇಳಿರಲಿಲ್ಲ.

ಆರು ವಾರ ಮುಗಿಯಿತು. ಹೊರಡುವ ದಿನ ಅವಳು ಬಸ್ ನಿಲ್ದಾಣಕ್ಕೆ ಬಂದಳು. ಜನರ ನಡುವೆ ನಿಂತು, ಮರೆಮಾಚದೆ, ತಲೆವಸ್ತ್ರದಿಂದ ಮೂಗೊರೆಸಿಕೊಳ್ಳುತ್ತ ಅತ್ತಳು. ಅವನು ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸು ಹತ್ತಿದ.

ಕಾಲು ಮೊದಲಿನ ಹಾಗೆ ಆಗಲಿಲ್ಲ. ಆದರೂ ಇನ್ನೂ ನಾಲ್ಕು ವರ್ಷ ಆಡಿದ, ಮೊದಲಿಗಿಂತ ಸಣ್ಣ ಊರುಗಳಲ್ಲಿ. ಫಿಲಿಪೀನ್ಸಿನಲ್ಲಿ ಮೊದಲ ದಿನವೇ ನೆಲ ಒರೆಸುವವನ ಹೆಸರು ಕೇಳಿದ. ಅವನ ಮನೆಗೆ ಹೋಗಿ ಉಂಡ. ಬಿಟ್ಟು ಬರುವಾಗ ನೋವಾಯಿತು. ಆಮೇಲಿನ ಊರಿನಲ್ಲೂ ಹಾಗೇ ಮಾಡಿದ. ಅಲ್ಲೂ ನೋವಾಯಿತು. ಕೊನೆಗೆ ಆಟ ಬಿಟ್ಟು ತನ್ನೂರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದ. ಭಾನುವಾರ ತಪ್ಪದೆ ದಾನುಟೆಗೆ ಫೋನು ಮಾಡುತ್ತಿದ್ದ.

ಒಂದು ವಸಂತದಲ್ಲಿ ದಾನುಟೆ ತೀರಿಕೊಂಡಳು. ಭಾನುವಾರ ಫೋನು ಮಾಡಿದವನೊಬ್ಬನಿಗೆ ನೆರೆಯವನು ಸುದ್ದಿ ಹೇಳಿದ. ಶವ ಹೊರಲು ಬಂಧುಗಳಿಲ್ಲ ಎಂದು ನೆರೆಯವರು ಚಿಂತೆ ಮಾಡುತ್ತಿದ್ದಾಗ ಬಸ್ಸಿನಿಂದ ಎತ್ತರದ ಗಂಡಸರು ಒಬ್ಬೊಬ್ಬರಾಗಿ ಇಳಿದರು. ಆರು ಜನ, ನಾಲ್ಕು ದೇಶದವರು. ಅವರಲ್ಲಿ ಟೆರೆನ್ಸನೂ ಇದ್ದ. ಅವರಲ್ಲಿ ಯಾವ ಇಬ್ಬರೂ ಒಂದೇ ವರ್ಷ ಜೊತೆಯಾಗಿ ಆಡಿದವರಲ್ಲ. ಆದರೆ ಒಬ್ಬೊಬ್ಬನಿಗೂ ಉಳಿದವರ ಅಮ್ಮಂದಿರ ಹೆಸರು ಗೊತ್ತಿತ್ತು. ಪೆಟ್ಟಿಗೆಯನ್ನು ಅವರು ಹೆಗಲ ಮೇಲೆ ಎತ್ತಿದಾಗ ಅದು ಬಹಳ ಮೇಲೆ ಹೋಯಿತು. ಚರ್ಚಿನ ಬಾಗಿಲು ದಾಟಲು ಆರು ಜನವೂ ಮಂಡಿ ಬಗ್ಗಿಸಿ ನಡೆಯಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ಕೇಳಿದ, "ವರ್ಷಕ್ಕೊಬ್ಬನನ್ನು ಕಳಿಸಿಕೊಡುತ್ತ ಆ ತಾಯಿ ಅಷ್ಟು ನೋವನ್ನು ಹೇಗೆ ತಡೆದುಕೊಂಡಳು, ಗುರುಗಳೇ?"

ಗುರುಗಳು ಕೇಳಿದರು: "ಅದಿರಲಿ ಅಡವೀಶ, ಕಳೆದ ವರ್ಷವೆಲ್ಲ ನಿನಗೆ ಎರಡು ಹೊತ್ತು ಅನ್ನ ಬಡಿಸಿದವಳ ಹೆಸರೇನು?"