ಬೆನ್ನ ಹಿಂದಿನ ಕೂಗು

ಯುಗಾದಿ ಮುಗಿದ ಸೋಮವಾರ ಮೇಷ್ಟರು ಗದರಿದರು, ನಾನು ಸ್ಕೂಲು ಬಿಟ್ಟು ಮೊದಲ ಸಲ ಓಡಿಹೋದೆ. ಅಂದಿನಿಂದ ಹಾಗೇ, ಯಾರಾದರೂ ಗದರಿದರೆ ಕಾಲು ತಾನೇ ಹೊರಡುತ್ತದೆ.

ಚಿಂತಾಮಣಿಯ ಛತ್ರದ ಮದುವೆಯಲ್ಲಿ ಮಾತ್ರ ತಕ್ಷಣ ಹೊರಡಲಾಗಲಿಲ್ಲ. ಅಡುಗೆ ಕಂಟ್ರಾಕ್ಟಿನ ಹೊಸ ಮೇಸ್ತ್ರಿ ಮಾಧವಮೂರ್ತಿ ಬಡಿಸುವ ನಮ್ಮೆಲ್ಲರ ಬೆನ್ನಿಗೇ ನಿಂತು ಕಿರುಚುತ್ತಿದ್ದ. ನನಗೆ ಸೌಟು ಹಿಡಿಯಲು ಕಲಿಸಿದ ಮುದುಕ ನಂಜುಂಡಣ್ಣನ ಕೈ ನಡುಗಿ ಸಾರು ಎಲೆಯಾಚೆ ಚೆಲ್ಲಿತು.

"ಬೀಗರ ಪಂಕ್ತೀಲಿ ಇನ್ನೊಂದು ಹನಿ ಚೆಲ್ಲಿದರೆ ಮನೆಗೆ ನಡಿ!"

ನಂಜುಂಡಣ್ಣನಿಗೆ ಬೇರೆ ಕೆಲಸ ಬಾರದು. ಬೀಗರು ಬಂದು ಕೂತೇಬಿಟ್ಟರು.

"ಸಾರ್, ದೊಡ್ಡವರ ಪಂಕ್ತಿ. ಒಂದು ಸಾಲು ನೀವೇ ಬಡಿಸಿ ತೋರಿಸಿ, ನೋಡಿ ಕಲೀತೀವಿ" ಅಂದೆ.

ಮೂರ್ತಿ ಉಬ್ಬಿಹೋಗಿ ಬಕೆಟ್ಟು ಹಿಡಿದ. ನಾನು ಅವನ ಬೆನ್ನಿಗೆ ನಿಂತೆ. ಅವನದೇ ಮಾತು, ಅವನದೇ ದನಿ: "ಬೇಗ! ಚೆಲ್ಲಬೇಡಿ! ಸೌಟು ನೋಡಿ! ಎಲೆ ನೋಡಿ!"

ಮೂರನೆಯ ಎಲೆಯಲ್ಲಿ ಸಾರು ಹೋಗಿ ಗಂಡಿನ ಸೋದರಮಾವನ ಪಾಯಸಕ್ಕೆ ಬಿತ್ತು. ಮೂರ್ತಿ ನನ್ನತ್ತ ತಿರುಗಿ ಗದರಿದ.

"ಮುಚ್ಚೋ ಬಾಯಿ! ಹಿಂದೆ ನಿಂತು ಅರಚಿದರೆ ಯಾರ ಕೈ ತಾನೇ ನಡುಗಲ್ಲ?"

"ಅದೇ ಸಾರ್" ಅಂದೆ, "ಯಾರ ಕೈಯಾದರೂ ನಡುಗುತ್ತೆ."

ಮೂರ್ತಿ ನಂಜುಂಡಣ್ಣನ ಕಡೆ ನೋಡಿದ. ಕಿವಿ ಕೆಂಪಾಯಿತು. ಬಕೆಟ್ಟನ್ನು ಮುದುಕನ ಕೈಗಿಟ್ಟು, "ನಿಧಾನಕ್ಕೆ ಬಡಿಸಿ, ಅಣ್ಣ" ಅಂದು ದೂರ ಸರಿದ. ಕಡೆಯ ಎಲೆಯವರೆಗೂ ಒಂದು ಹನಿ ಚೆಲ್ಲಲಿಲ್ಲ.

ಗದರಿಸಿಕೊಂಡಿದ್ದೆನಲ್ಲ, ಸಂಜೆ ಹೊರಡಲೆಂದು ಚೀಲಕ್ಕೆ ಪಂಚೆ ತುರುಕುತ್ತಿದ್ದೆ. ಮೂರ್ತಿ ಬಂದ. ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ.

"ಇದ್ದುಬಿಡಪ್ಪ" ಅಂದ, ಮೆಲ್ಲಗೆ.

ಗದರಿದ್ದರೆ ಆರಾಮವಾಗಿ ಹೊರಡುತ್ತಿದ್ದೆ. ಈಗ ನನ್ನ ಕೈಯೇ ನಡುಗಿತು. ಚೀಲದ ಗಂಟು ಜಾರಿ ಜಾರಿ, ಕೊನೆಗೂ ಬಿಗಿಯಿತು; ಹೆಗಲಿಗೇರಿಸಿ ಹೊರಟೆ.